ಮೇಜರ್ ಲೀಗ್ ಬೇಸ್‌ಬಾಲ್‌ಗೆ ನ್ಯಾಯವಾದ ಸಂಬಳ ಮಿತಿ ಮತ್ತು ಡ್ರಾಫ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳ ಮಾಲೀಕರಿಗೂ ಆಟಗಾರರ ಸಂಘಕ್ಕೂ ನಡುವೆ ಇರುವ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಸಂಬಳಕ್ಕೆ ಮಿತಿ ಹಾಕಬೇಕೇ, ಹಾಕಿದರೆ ಲಾಭ ಯಾರಿಗೆ, ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಹೆಚ್ಚು ಸೋತ ತಂಡಕ್ಕೇ ಮೊದಲ ಸರದಿ ಕೊಡುವುದು ಸರಿಯೇ ಎಂಬ ವಾದಗಳು ಮತ್ತೆ ಕಾವೇರಿವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಮೇಲ್ಮಿತಿ ತಂದರೆ ಆಟಗಾರರ ಜೇಬಿನ ಹಣ ಮಾಲೀಕರ ಜೇಬಿಗೆ ಹೋಗುತ್ತದೆ, ಅಷ್ಟೇ. ಆದಾಯದ ಪಾಲು, ಕೆಳಮಿತಿ, ಎಳೆಯ ಆಟಗಾರರ ಸಂಬಳ, ಡ್ರಾಫ್ಟ್‌ನ ಸರದಿ ಇವೆಲ್ಲ ಒಟ್ಟಿಗೆ ಬದಲಾದರೆ ಮಾತ್ರ ಅದು ಸುಧಾರಣೆ. ಕೆಳಗಿನ ಉತ್ತರಗಳಲ್ಲಿ ಈಗಿರುವ ನಿಯಮವೂ ಇದೆ, ನನ್ನ ಸಲಹೆಯೂ ಇದೆ. ಸಲಹೆ ಬಂದ ಕಡೆ ಅದು ಸಲಹೆ ಎಂದೇ ಹೇಳಿದ್ದೇನೆ.

ಬೇಸ್‌ಬಾಲ್‌ನಲ್ಲಿ ಈಗ ಸಂಬಳದ ಮಿತಿ ಇಲ್ಲವೇ?

ಇಲ್ಲ. ಐಪಿಎಲ್‌ನಲ್ಲಿ 2025ರ ಸೀಸನ್‌ಗೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ ಇತ್ತು. ಮುಂಬೈ ಆಗಲಿ, ಬೆಂಗಳೂರಾಗಲಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಖರ್ಚು ಮಾಡುವಂತಿರಲಿಲ್ಲ. ಮೇಜರ್ ಲೀಗ್‌ನಲ್ಲಿ ಅಂಥ ಗೋಡೆ ಇಲ್ಲ, ತೆರಿಗೆ ಇದೆ. ಜನ ಅದನ್ನು ಲಕ್ಷುರಿ ಟ್ಯಾಕ್ಸ್ ಎನ್ನುತ್ತಾರೆ. 2025ರಲ್ಲಿ ಒಂದು ತಂಡದ ಒಟ್ಟು ಸಂಬಳ 24.1 ಕೋಟಿ ಡಾಲರ್ ದಾಟಿದರೆ ತೆರಿಗೆ ಶುರುವಾಗುತ್ತಿತ್ತು. 2026ಕ್ಕೆ ಆ ಗಡಿ 24.4 ಕೋಟಿ. ಮೊದಲ ಸಲ ದಾಟಿದವರಿಗೆ, ದಾಟಿದ ಮೊತ್ತದ ಮೇಲೆ ಶೇ. 20, ಮರುವರ್ಷವೂ ದಾಟಿದರೆ ಶೇ. 30, ಮೂರನೇ ವರ್ಷದಿಂದ ಶೇ. 50. ಗಡಿಯನ್ನು 6 ಕೋಟಿ ಡಾಲರ್‌ಗಿಂತ ಹೆಚ್ಚು ಮೀರಿದವರಿಗೆ ಆ ಮೇಲಿನ ಹಣಕ್ಕೆ ಇನ್ನೂ ಶೇ. 60 ಸೇರುತ್ತದೆ. ಅಂದರೆ ಸತತವಾಗಿ ದಾಟುವ ತಂಡ ಕೊನೆಯ ಹಂತದಲ್ಲಿ ಒಂದು ಡಾಲರ್ ಸಂಬಳ ಕೊಡಲು ಒಂದು ಡಾಲರ್ ಹತ್ತು ಸೆಂಟ್ ತೆರಿಗೆ ಕಟ್ಟಬೇಕು.

ಇಷ್ಟಾದರೂ ತಡೆಯಾಗಿಲ್ಲ. ಲಾಸ್ ಏಂಜಲೀಸ್ ಡಾಡ್ಜರ್ಸ್ 2024ರಲ್ಲಿ ತೆರಿಗೆಯೊಂದಕ್ಕೇ 10.3 ಕೋಟಿ ಡಾಲರ್ ಕಟ್ಟಿತು. ಆ ವರ್ಷ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು, 2025ರಲ್ಲಿ ಮತ್ತೆ ಗೆದ್ದಿತು. ಅದೇ 2025ರಲ್ಲಿ ಮಯಾಮಿ ಮಾರ್ಲಿನ್ಸ್‌ನ ಒಟ್ಟು ಸಂಬಳ 10 ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ. ಒಂದು ತಂಡದ ತೆರಿಗೆ ಇನ್ನೊಂದು ತಂಡದ ಇಡೀ ಸಂಬಳದ ಪಟ್ಟಿಯನ್ನು ಮೀರಿಸುವಷ್ಟು ದೊಡ್ಡದಾಗಿದೆ.

ಇಷ್ಟೊಂದು ಅಂತರ ಎಲ್ಲಿಂದ ಬಂತು?

ಟಿವಿಯಿಂದ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ತನ್ನ ಪಂದ್ಯಗಳನ್ನು ದೇಶಕ್ಕೆಲ್ಲ ಒಟ್ಟಾಗಿ ಮಾರಿ, ಬಂದ ಹಣವನ್ನು ಸಮನಾಗಿ ಹಂಚುತ್ತದೆ. ಬೇಸ್‌ಬಾಲ್‌ನಲ್ಲಿ ಒಂದು ಸೀಸನ್‌ಗೆ ಪ್ರತಿ ತಂಡ 162 ಪಂದ್ಯ ಆಡುತ್ತದೆ. ಅವುಗಳಲ್ಲಿ ಬಹುಪಾಲನ್ನು ಆಯಾ ತಂಡವೇ ತನ್ನ ಊರಿನ ಚಾನೆಲ್‌ಗೆ ಮಾರಿಕೊಳ್ಳುತ್ತ ಬಂದಿದೆ. ಡಾಡ್ಜರ್ಸ್‌ನ ಸ್ಥಳೀಯ ಟಿವಿ ಒಪ್ಪಂದ 2014ರಿಂದ 25 ವರ್ಷಕ್ಕೆ ಸುಮಾರು 835 ಕೋಟಿ ಡಾಲರ್. ಇನ್ನೊಂದು ಕಡೆ, ಹಲವು ಊರುಗಳ ತಂಡಗಳ ಪ್ರಸಾರ ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ವರ್ಷದ ಮೇ ಕೊನೆಗೆ ಸ್ಯಾನ್ ಡಿಯಾಗೊ ಪಾಡ್ರೇಸ್‌ನ ಪ್ರಸಾರವನ್ನು ಲೀಗ್ ತಾನೇ ವಹಿಸಿಕೊಳ್ಳಬೇಕಾಯಿತು.

ಹಂಚಿಕೆ ಈಗಲೂ ಇದೆ. ಪ್ರತಿ ತಂಡ ತನ್ನ ನಿವ್ವಳ ಸ್ಥಳೀಯ ಆದಾಯದ ಶೇ. 48ರಷ್ಟನ್ನು ಒಂದು ನಿಧಿಗೆ ಹಾಕುತ್ತದೆ, ಅದನ್ನು ಎಲ್ಲರಿಗೂ ಸಮನಾಗಿ ಹಂಚಲಾಗುತ್ತದೆ. ಆದರೆ ಉಳಿದ ಶೇ. 52 ಎಂಬುದು ಲಾಸ್ ಏಂಜಲೀಸ್‌ನಲ್ಲಿ ಒಂದು ಮೊತ್ತ, ಮಿಲ್ವಾಕಿಯಂಥ ಸಣ್ಣ ಊರಿನಲ್ಲಿ ಬೇರೆಯೇ ಮೊತ್ತ.

ಹಣ ಸುರಿದವರೇ ಗೆಲ್ಲುತ್ತಾರೆ ಎಂಬುದು ನಿಜವೇ?

ಪೂರ್ತಿ ನಿಜವಲ್ಲ. 2023ರಲ್ಲಿ ಅತಿ ಹೆಚ್ಚು ಸಂಬಳ ಕೊಟ್ಟ ನ್ಯೂಯಾರ್ಕ್ ಮೆಟ್ಸ್ 75 ಗೆದ್ದು 87 ಸೋತಿತು. 2025ರ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 97 ಪಂದ್ಯ ಗೆದ್ದದ್ದು ಸಣ್ಣ ಊರಿನ ಮಿಲ್ವಾಕಿ ಬ್ರೂವರ್ಸ್. 2000ದಲ್ಲಿ ನ್ಯೂಯಾರ್ಕ್ ಯಾಂಕೀಸ್ ಸತತ ಮೂರನೇ ಸಲ ಗೆದ್ದ ಮೇಲೆ 2025ರವರೆಗೆ ಯಾವ ತಂಡವೂ ಎರಡು ವರ್ಷ ಸತತವಾಗಿ ಚಾಂಪಿಯನ್ ಆಗಿರಲಿಲ್ಲ. ಮಾಲೀಕರು ಸಂಬಳ ಮಿತಿ ಕೇಳುವಾಗ ಈ ಸಂಗತಿಗಳನ್ನು ಬದಿಗಿಡುತ್ತಾರೆ.

ಆದರೂ ಹಣದ ಬಲ ಎಲ್ಲಿ ಕಾಣುತ್ತದೆ ಗೊತ್ತೇ? ತಪ್ಪನ್ನು ಅರಗಿಸಿಕೊಳ್ಳುವಲ್ಲಿ. ದೊಡ್ಡ ತಂಡವೊಂದು 15 ಕೋಟಿ ಡಾಲರ್ ಕೊಟ್ಟು ತಂದ ಪಿಚರ್‌ನ (ಚೆಂಡೆಸೆಯುವವನ) ಮೊಣಕೈ ಕೈಕೊಟ್ಟರೆ ಮುಂದಿನ ವರ್ಷ ಇನ್ನೊಬ್ಬನನ್ನು ತರುತ್ತದೆ. ಸಣ್ಣ ತಂಡಕ್ಕೆ ಅಂಥದೊಂದು ಕರಾರು ಕೈಕೊಟ್ಟರೆ ಐದಾರು ವರ್ಷ ಮೇಲೇಳಲು ಆಗುವುದಿಲ್ಲ. ಅದೇ ಬ್ರೂವರ್ಸ್ 2025ರ ಪ್ಲೇಆಫ್‌ನಲ್ಲಿ ಡಾಡ್ಜರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. ಪಿಟ್ಸ್‌ಬರ್ಗ್ ಪೈರೇಟ್ಸ್ ಕೊನೆಯ ಸಲ ವರ್ಲ್ಡ್ ಸೀರೀಸ್ ಆಡಿದ್ದು 1979ರಲ್ಲಿ. ಆಗ ಹುಟ್ಟಿದವರ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ.

ಮಿತಿ ಎಂಬ ಮಾತು ಎತ್ತಿದರೆ ಸಾಕು, ಆಟಗಾರರ ಸಂಘ ಏಕೆ ಸಿಡಿದೇಳುತ್ತದೆ?

ಅವರ ಚರಿತ್ರೆ ಹಾಗಿದೆ. 1970ರ ದಶಕದವರೆಗೆ ಬೇಸ್‌ಬಾಲ್ ಕರಾರುಗಳಲ್ಲಿ ರಿಸರ್ವ್ ಕ್ಲಾಸ್ ಎಂಬ ಷರತ್ತಿತ್ತು. ಒಮ್ಮೆ ಸಹಿ ಹಾಕಿದರೆ ಆಟಗಾರ ಆ ತಂಡಕ್ಕೇ ಸೇರಿದವನು. ಬಿಡುವುದು, ಮಾರುವುದು, ಸಂಬಳ ಹೆಚ್ಚಿಸುವುದು ಎಲ್ಲ ಮಾಲೀಕನ ಇಷ್ಟ. 1969ರಲ್ಲಿ ಸೇಂಟ್ ಲೂಯಿಸ್‌ನ ಆಟಗಾರ ಕರ್ಟ್ ಫ್ಲಡ್ ತನ್ನನ್ನು ಫಿಲಡೆಲ್ಫಿಯಾಗೆ ವರ್ಗಾಯಿಸಿದ್ದನ್ನು ಒಪ್ಪದೆ ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತ. ಅವನ ಆಟದ ಬದುಕು ಅಲ್ಲಿಗೆ ಮುಗಿದಿತ್ತು. ಮೂರು ವರ್ಷದ ಬಳಿಕ, 1975ರ ಡಿಸೆಂಬರ್‌ನಲ್ಲಿ, ಮಧ್ಯಸ್ಥಗಾರ ಪೀಟರ್ ಸೈಟ್ಜ್ ಮೆಸ್ಸರ್‌ಸ್ಮಿತ್ ಮತ್ತು ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ ಪರ ತೀರ್ಪು ಕೊಟ್ಟ. ಆ ತೀರ್ಪಿನಿಂದಲೇ ಫ್ರೀ ಏಜೆನ್ಸಿ, ಅಂದರೆ ಅವಧಿ ಮುಗಿದ ಮೇಲೆ ಬೇಕಾದ ತಂಡಕ್ಕೆ ಹೋಗುವ ಹಕ್ಕು, ಹುಟ್ಟಿತು. ಸಂಘವನ್ನು ಆಗ ಕಟ್ಟಿ ನಿಲ್ಲಿಸಿದವರು ಮಾರ್ವಿನ್ ಮಿಲ್ಲರ್.

ಅದಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ, 1994ರಲ್ಲಿ, ಆದಾಯದ ಅರ್ಧ ಕೊಡುತ್ತೇವೆ, ಬದಲಿಗೆ ಮಿತಿ ಒಪ್ಪಿಕೊಳ್ಳಿ ಎಂದು ಮಾಲೀಕರು ಪಟ್ಟುಹಿಡಿದರು. ಆಗಸ್ಟ್ 12ಕ್ಕೆ ಮುಷ್ಕರ ಶುರುವಾಯಿತು. 232 ದಿನ ನಡೆಯಿತು. ಎರಡು ವಿಶ್ವಯುದ್ಧಗಳ ಕಾಲದಲ್ಲೂ ನಿಲ್ಲದ ವರ್ಲ್ಡ್ ಸೀರೀಸ್ ಆ ವರ್ಷ ನಡೆಯಲಿಲ್ಲ. ಮುಷ್ಕರ ಮುಗಿದದ್ದು, ಮುಂದೆ ಸುಪ್ರೀಂ ಕೋರ್ಟ್‌ಗೆ ಹೋದ ಸೋನಿಯಾ ಸೊಟೊಮೇಯರ್ ಜಿಲ್ಲಾ ನ್ಯಾಯಾಧೀಶೆಯಾಗಿ ಮಾಲೀಕರ ವಿರುದ್ಧ ತಡೆಯಾಜ್ಞೆ ಕೊಟ್ಟ ಮೇಲೆ. ಮುಷ್ಕರದ ದಿನ ಇಡೀ ಲೀಗ್‌ನಲ್ಲಿ ಮುಂದಿದ್ದ ತಂಡ ಮಾಂಟ್ರಿಯಲ್ ಎಕ್ಸ್‌ಪೋಸ್, 74 ಗೆಲುವು, 40 ಸೋಲು. ಮರುವರ್ಷದೊಳಗೆ ಆ ತಂಡದ ತಾರೆಗಳಲ್ಲಿ ಹಲವರು ಚೆದುರಿಹೋದರು. 2005ರಲ್ಲಿ ತಂಡವೇ ವಾಷಿಂಗ್ಟನ್‌ಗೆ ಹೊರಟುಹೋಯಿತು. ಸಣ್ಣ ಊರುಗಳನ್ನು ಉಳಿಸುವ ಹೆಸರಿನಲ್ಲಿ ಎದ್ದ ಜಗಳದಲ್ಲಿ ಅತಿ ದೊಡ್ಡ ಬೆಲೆ ತೆತ್ತದ್ದು ಒಂದು ಸಣ್ಣ ಆದಾಯದ ಊರೇ ಎಂಬುದನ್ನು ಮರೆಯಬಾರದು.

ಹಾಗಾದರೆ ನ್ಯಾಯವಾದ ಮಿತಿ ಹೇಗಿರಬೇಕು?

ಮಿತಿಯ ಅಂಕಿಯಿಂದ ಶುರು ಮಾಡಬಾರದು, ಪಾಲಿನಿಂದ ಶುರು ಮಾಡಬೇಕು. ಲೀಗ್‌ನ ಒಟ್ಟು ಆದಾಯದಲ್ಲಿ ಆಟಗಾರರಿಗೆ ಎಷ್ಟು ಎಂಬುದು ಮೊದಲು ಬರವಣಿಗೆಯಲ್ಲಿ ಬರಲಿ. ಎನ್‌ಎಚ್‌ಎಲ್ ಐಸ್ ಹಾಕಿಯಲ್ಲಿ ಅದು ಅರ್ಧಕ್ಕರ್ಧ, ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೇಸ್‌ಬಾಲ್‌ನಲ್ಲಿ ಅಂಥ ಖಾತರಿ ಪಾಲು ಇಲ್ಲ.

ಒಂದು ಸರಳ ಲೆಕ್ಕ ಹಾಕೋಣ. ಮೇಜರ್ ಲೀಗ್‌ನ ವಾರ್ಷಿಕ ಆದಾಯ ಈಗ ಸುಮಾರು 1,200 ಕೋಟಿ ಡಾಲರ್ ಎನ್ನುತ್ತಾರೆ. ಅರ್ಧ ಎಂದರೆ 600 ಕೋಟಿ. 30 ತಂಡಗಳಿಗೆ ಹಂಚಿದರೆ ತಲಾ 20 ಕೋಟಿ. ಇದು ಸರಾಸರಿಯಾಗಿರಲಿ. ಮೇಲ್ಮಿತಿ 23 ಕೋಟಿ, ಕೆಳಮಿತಿ 17 ಕೋಟಿ ಎಂದಿಡಿ. ಆದಾಯ ಏರಿದರೆ ಎರಡೂ ತಾವಾಗಿಯೇ ಏರುತ್ತವೆ, ಐದು ವರ್ಷಕ್ಕೊಮ್ಮೆ ಜಗಳವಾಡಬೇಕಿಲ್ಲ. ವರ್ಷದ ಕೊನೆಗೆ ಲೆಕ್ಕ ನೋಡಿದಾಗ ಆಟಗಾರರಿಗೆ ಸಂದದ್ದು ಅರ್ಧಕ್ಕಿಂತ ಕಡಿಮೆಯಿದ್ದರೆ ಕೊರತೆಯನ್ನು ಮಾಲೀಕರು ತುಂಬಿಕೊಡಬೇಕು. ಎನ್‌ಬಿಎಯಲ್ಲಿ ಸಂಬಳದ ಒಂದು ಭಾಗವನ್ನು ಹಿಡಿದಿಟ್ಟುಕೊಂಡು ವರ್ಷಾಂತ್ಯದಲ್ಲಿ ಹೀಗೆ ಸರಿತೂಗಿಸುವ ಪದ್ಧತಿ ಹಿಂದಿನಿಂದ ಇದೆ.

ಇಲ್ಲಿ ಅತಿ ಕಷ್ಟದ ಕೆಲಸ ಆದಾಯ ಎಂದರೆ ಯಾವುದು ಎಂದು ನಿರ್ಧರಿಸುವುದು. ಅಟ್ಲಾಂಟಾ ಬ್ರೇವ್ಸ್ ಉದಾಹರಣೆ ನೋಡಿ. 2017ರಲ್ಲಿ ಅವರ ಹೊಸ ಸ್ಟೇಡಿಯಂ ಶುರುವಾದಾಗ ಅದರ ಪಕ್ಕದಲ್ಲೇ ಹೋಟೆಲ್, ಅಂಗಡಿ, ಆಫೀಸು, ಅಪಾರ್ಟ್‌ಮೆಂಟ್‌ಗಳಿರುವ ದಿ ಬ್ಯಾಟರಿ ಎಂಬ ಬಡಾವಣೆ ಎದ್ದಿತು. ಜನ ಅಲ್ಲಿಗೆ ಬರುವುದು ಪಂದ್ಯ ಇದೆ ಎಂದು. ಬಾಡಿಗೆ ಬರುವುದು ತಂಡದ ಒಡೆತನದ ಕಂಪನಿಗೆ. ಅದು ಬೇಸ್‌ಬಾಲ್ ಆದಾಯವೇ, ರಿಯಲ್ ಎಸ್ಟೇಟ್ ಆದಾಯವೇ? ಬ್ರೇವ್ಸ್ ಷೇರುಪೇಟೆಯಲ್ಲಿರುವುದರಿಂದ ಅವರ ಲೆಕ್ಕ ಮೂರು ತಿಂಗಳಿಗೊಮ್ಮೆ ನಮಗೆಲ್ಲ ಕಾಣುತ್ತದೆ. ಹೆಚ್ಚಿನ ತಂಡಗಳ ಪುಸ್ತಕ ಮುಚ್ಚಿದೆ. ನನ್ನ ಪ್ರಕಾರ, ಮಾಲೀಕರೂ ಸಂಘವೂ ಒಪ್ಪಿದ ಲೆಕ್ಕ ಪರಿಶೋಧಕರ ಮುಂದೆ 30 ತಂಡಗಳೂ ಪುಸ್ತಕ ತೆರೆಯುವವರೆಗೆ ಆಟಗಾರರು ಯಾವ ಮಿತಿಗೂ ಸಹಿ ಹಾಕಬಾರದು. ಅರ್ಧ ಪಾಲು ಎಂಬ ಮಾತಿಗೆ, ಯಾವುದರ ಅರ್ಧ ಎಂದು ಗೊತ್ತಿಲ್ಲದಿದ್ದರೆ, ಬೆಲೆಯೇ ಇಲ್ಲ.

ಮಯಾಮಿಯಂಥ ತಂಡ 17 ಕೋಟಿ ಡಾಲರ್ ಎಲ್ಲಿಂದ ತರುತ್ತದೆ?

ಹಂಚಿಕೆ ಹೆಚ್ಚಬೇಕು. ನನ್ನ ಸಲಹೆ: ಟಿವಿ ಮತ್ತು ಸ್ಟ್ರೀಮಿಂಗ್ ಹಣವನ್ನೆಲ್ಲ ಒಂದೇ ಕಡೆ ಸೇರಿಸಿ ಸಮನಾಗಿ ಹಂಚಲಿ. ಟಿಕೆಟ್, ತಿಂಡಿ, ಪಾರ್ಕಿಂಗ್, ಊರಿನ ಜಾಹೀರಾತಿನ ಹಣ ಆಯಾ ತಂಡದ ಬಳಿಯೇ ಉಳಿಯಲಿ. ಏಕೆಂದರೆ ಪಂದ್ಯ ಆಡಲು ಎರಡು ತಂಡ ಬೇಕು. ಲಾಸ್ ಏಂಜಲೀಸ್‌ನ ಚಾನೆಲ್ ತೋರಿಸುವ ಪಂದ್ಯದಲ್ಲಿ ಎದುರು ತಂಡವೂ ಆಡುತ್ತದೆ. ಸ್ಟೇಡಿಯಂ ತುಂಬಿಸುವುದು ಮಾತ್ರ ಆತಿಥೇಯ ತಂಡದ ಸ್ವಂತ ಶ್ರಮ. ಆ ಶ್ರಮಕ್ಕೆ ಪ್ರತಿಫಲ ಇರಲೇಬೇಕು.

ಹಂಚಿಕೆಯ ಹಣ ಪಡೆದು ಆಟಗಾರರಿಗೆ ಖರ್ಚು ಮಾಡದೆ ಇಟ್ಟುಕೊಳ್ಳುವ ಚಾಳಿ ಹಳೆಯದು. 2018ರಲ್ಲಿ ಸಂಘವು ಮಾರ್ಲಿನ್ಸ್, ಪೈರೇಟ್ಸ್, ರೇಸ್, ಅಥ್ಲೆಟಿಕ್ಸ್ ಈ ನಾಲ್ಕು ತಂಡಗಳ ಮೇಲೆ ಇದೇ ದೂರು ಹೂಡಿತ್ತು. ಕೆಳಮಿತಿ ಇದ್ದರೆ ಅಂಥ ದೂರಿನ ಅಗತ್ಯವೇ ಇರುವುದಿಲ್ಲ. ಕೆಳಮಿತಿ ಮುಟ್ಟದ ತಂಡ, ಕಡಿಮೆ ಬಿದ್ದ ಅಷ್ಟೂ ಹಣವನ್ನು ತನ್ನದೇ ಆಟಗಾರರಿಗೆ ಬೋನಸ್ ಆಗಿ ಹಂಚಬೇಕು. ಐಪಿಎಲ್‌ನಲ್ಲೂ ಪರ್ಸ್‌ನ ಶೇ. 75 ಖರ್ಚು ಮಾಡಲೇಬೇಕೆಂಬ ನಿಯಮವಿದೆ. ಕೆಳಮಿತಿ ನಮಗೆ ಹೊಸತಲ್ಲ.

ತಾನೇ ಬೆಳೆಸಿದ ತಾರೆಯನ್ನು ಸಣ್ಣ ತಂಡ ಉಳಿಸಿಕೊಳ್ಳಲು ದಾರಿ ಉಂಟೇ?

ಎನ್‌ಬಿಎಯಲ್ಲಿ ಒಂದು ವಿನಾಯಿತಿ ಇದೆ. ಲ್ಯಾರಿ ಬರ್ಡ್ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಸ್ವಂತ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಮಿತಿಯನ್ನು ಮೀರಬಹುದು. ಬೇಸ್‌ಬಾಲ್‌ಗೆ ಅದನ್ನು ಸ್ವಲ್ಪ ಬದಲಿಸಿ ತರಬಹುದು: ತಂಡ ತಾನೇ ಡ್ರಾಫ್ಟ್ ಮಾಡಿದ, ಅಥವಾ ಹದಿಹರೆಯದಲ್ಲಿ ಸಹಿ ಹಾಕಿಸಿಕೊಂಡು ಬೆಳೆಸಿದ ಆಟಗಾರನ ಸಂಬಳದಲ್ಲಿ ಮುಕ್ಕಾಲು ಭಾಗ ಮಾತ್ರ ಮಿತಿಯ ಲೆಕ್ಕಕ್ಕೆ ಬರಲಿ. ಆಟಗಾರನಿಗೆ ಪೂರ್ತಿ ಸಂಬಳ, ತಂಡಕ್ಕೆ ಕಾಲು ಭಾಗದ ರಿಯಾಯಿತಿ. ಊರಿನ ಮಕ್ಕಳು ಯಾರ ಜೆರ್ಸಿ ಹಾಕಿಕೊಂಡು ಬೆಳೆದರೋ ಅವನು ಅಲ್ಲೇ ಉಳಿಯುವ ಸಾಧ್ಯತೆ ಹೆಚ್ಚುತ್ತದೆ.

ಓಟಾನಿಯ ಕರಾರಿನಲ್ಲಿ ನಡೆದಂತೆ ಸಂಬಳವನ್ನು ಮುಂದೂಡುವುದು ಮೋಸವಲ್ಲವೇ?

ಮೋಸವಲ್ಲ, ಈಗಿನ ನಿಯಮದೊಳಗೇ ಇದೆ. ಜಪಾನಿನ ತಾರೆ ಶೋಹೆಯ್ ಓಟಾನಿ 2023ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಜತೆ 10 ವರ್ಷಕ್ಕೆ 70 ಕೋಟಿ ಡಾಲರ್‌ಗೆ ಒಪ್ಪಿಕೊಂಡರು. ಆಡುವಾಗ ವರ್ಷಕ್ಕೆ ಕೈಗೆ ಬರುವುದು 20 ಲಕ್ಷ. ಉಳಿದ 68 ಕೋಟಿ, ಬಡ್ಡಿ ಇಲ್ಲದೆ, 2034ರಿಂದ 2043ರವರೆಗೆ. ಹತ್ತು ವರ್ಷ ಕಾದು ಸಿಗುವ ಹಣದ ಇಂದಿನ ಬೆಲೆ ಕಡಿಮೆ. ಆದ್ದರಿಂದ ತೆರಿಗೆಯ ಲೆಕ್ಕಕ್ಕೆ ವರ್ಷಕ್ಕೆ 7 ಕೋಟಿಯ ಬದಲು ಸುಮಾರು 4.6 ಕೋಟಿ ಹಿಡಿಯುತ್ತಾರೆ. ಲೆಕ್ಕಶಾಸ್ತ್ರದ ಪ್ರಕಾರ ಅದು ಸರಿಯೇ.

ತೆರಿಗೆ ಹೋಗಿ ಗಟ್ಟಿ ಮಿತಿ ಬಂದರೆ ಮಾತ್ರ ಇದು ದೊಡ್ಡ ತೂತಾಗುತ್ತದೆ. ಇಂದು ಗೆದ್ದು ನಾಳೆ ಕಟ್ಟುವ ಶಕ್ತಿ ಎಲ್ಲ ಮಾಲೀಕರಿಗೂ ಒಂದೇ ಸಮ ಇರುವುದಿಲ್ಲ. ಕರಾರಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಮುಂದೂಡುವಂತಿಲ್ಲ ಎಂದರೆ ಸಾಕು.

ಎಳೆಯ ಆಟಗಾರರಿಗೆ ಇಷ್ಟು ಕಡಿಮೆ ಸಂಬಳ ಏಕೆ?

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ಪ್ರಶ್ನೆ ಇದು. ಸಂಬಳ ಮಿತಿಯ ಚರ್ಚೆಯಲ್ಲಿ ಎಲ್ಲರ ಕಣ್ಣೂ ಮೆಟ್ಸ್ ತಂಡದ ಹ್ವಾನ್ ಸೋಟೊ ಅವರ 76.5 ಕೋಟಿ ಡಾಲರ್ ಕರಾರಿನ ಮೇಲೆ ಬೀಳುತ್ತದೆ. ನಿಜವಾದ ಅನ್ಯಾಯ ಇರುವುದು ಆಟಗಾರನ ಮೊದಲ ಆರು ವರ್ಷಗಳಲ್ಲಿ.

ನಿಯಮ ಹೀಗಿದೆ. ಮೇಜರ್ ಲೀಗ್‌ಗೆ ಬಂದವನಿಗೆ ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು. ಕನಿಷ್ಠ ಸಂಬಳ 2026ಕ್ಕೆ 7.8 ಲಕ್ಷ ಡಾಲರ್. ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆಯ ಮೂಲಕ ಸಂಬಳ ಏರುತ್ತದೆ. ಆರು ವರ್ಷ ತುಂಬಿದ ಮೇಲೆ ಫ್ರೀ ಏಜೆಂಟ್. ಒಂದು ವರ್ಷ ಎಂದು ಲೆಕ್ಕವಾಗಲು 172 ದಿನ ತಂಡದಲ್ಲಿರಬೇಕು.

ಈ 172ರಲ್ಲೇ ಇದೆ ಆಟ. 2015ರ ವಸಂತದಲ್ಲಿ ಚಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ ಅಭ್ಯಾಸ ಪಂದ್ಯಗಳಲ್ಲಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಮೇಲೆ ಹೋಮ್ ರನ್ ಹೊಡೆದ. ಆದರೂ ಸೀಸನ್ ಶುರುವಾದಾಗ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿದರು. ಫೀಲ್ಡಿಂಗ್ ಸುಧಾರಿಸಬೇಕು ಎಂಬ ಕಾರಣ ಹೇಳಿದರು. ತಂಡ ಎಂಟು ಪಂದ್ಯ ಆಡಿದ ಮೇಲೆ ಏಪ್ರಿಲ್ 17ಕ್ಕೆ ಕರೆಸಿಕೊಂಡರು. ವರ್ಷದ ಕೊನೆಗೆ ಅವನ ಲೆಕ್ಕದಲ್ಲಿದ್ದದ್ದು 171 ದಿನ. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅವನಿಗೇ ಬಂತು, ಆದರೆ ಲೆಕ್ಕದಲ್ಲಿ ಅದು ವರ್ಷವಾಗಲಿಲ್ಲ. ಒಂದು ದಿನದ ಕೊರತೆಯಿಂದ ಅವನ ಫ್ರೀ ಏಜೆನ್ಸಿ 2020ರಿಂದ 2021ಕ್ಕೆ ಹೋಯಿತು. ದೂರು ಕೊಟ್ಟ, 2020ರಲ್ಲಿ ಮಧ್ಯಸ್ಥಗಾರರು ಅದನ್ನು ತಳ್ಳಿಹಾಕಿದರು. ನಿಯಮದ ಅಕ್ಷರ ಕಬ್ಸ್ ಪರವಾಗಿತ್ತು.

2022ರ ಒಪ್ಪಂದದಲ್ಲಿ ಸ್ವಲ್ಪ ತಿದ್ದುಪಡಿ ಆಗಿದೆ. ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಒಂದೊಂದರಲ್ಲೂ ಹೊಸ ಆಟಗಾರ ಪ್ರಶಸ್ತಿಯಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷದ ಲೆಕ್ಕ ಸಿಗುತ್ತದೆ. 2024ರಲ್ಲಿ ಪೈರೇಟ್ಸ್ ತಂಡ ಪಾಲ್ ಸ್ಕೀನ್ಸ್‌ನನ್ನು ಮೇ ತಿಂಗಳವರೆಗೆ ಮೇಲಕ್ಕೆ ಕರೆಯಲಿಲ್ಲ. ಅವನು ಪ್ರಶಸ್ತಿ ಗೆದ್ದು ತನ್ನ ವರ್ಷವನ್ನು ಗಳಿಸಿಕೊಂಡ. ಎಳೆಯರಿಗೆಂದೇ ವರ್ಷಕ್ಕೆ 5 ಕೋಟಿ ಡಾಲರ್‌ನ ಬೋನಸ್ ನಿಧಿಯೂ ಬಂದಿದೆ. ಆದರೂ 2025ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದಾಗ ಸ್ಕೀನ್ಸ್‌ನ ಸಂಬಳ 8.75 ಲಕ್ಷ ಡಾಲರ್ ಮಾತ್ರ ಇತ್ತು.

ಹೀಗೆ ಪೂರ್ತಿ ವರ್ಷ ಗಳಿಸುವವರು ವರ್ಷಕ್ಕೆ ನಾಲ್ವರು. ಉಳಿದ ನೂರಾರು ಮಂದಿಯ ಗತಿ? ದಿನ ಎಣಿಸುವುದನ್ನು ಬಿಟ್ಟು ವಯಸ್ಸನ್ನು ಸೇರಿಸಿಕೊಳ್ಳಬೇಕು ಎಂಬುದು ನನ್ನ ಸಲಹೆ. ಐದು ವರ್ಷ ಆಡಿದರೆ ಅಥವಾ 28 ವರ್ಷ ತುಂಬಿದರೆ, ಯಾವುದು ಮೊದಲೋ ಆಗ, ಫ್ರೀ ಏಜೆಂಟ್. ವಯಸ್ಸಿನ ಲೆಕ್ಕ ಹೊಸ ಹುಚ್ಚಲ್ಲ. 2021ರ ಮಾತುಕತೆಯಲ್ಲಿ ಮಾಲೀಕರೇ 29 ವರ್ಷ ಆರು ತಿಂಗಳಿನ ಪ್ರಸ್ತಾಪ ಇಟ್ಟಿದ್ದರು. ಕಾಲೇಜಿನಿಂದ ಬಂದ ಏರನ್ ಜಡ್ಜ್ ಮೊದಲ ಪಂದ್ಯ ಆಡಿದ್ದು 24ನೇ ವಯಸ್ಸಿನಲ್ಲಿ, ಮಾರುಕಟ್ಟೆಗೆ ಬಂದದ್ದು 30ಕ್ಕೆ. ಜಡ್ಜ್‌ನಂಥವರಿಗೆ ಆಗಲೂ ದೊಡ್ಡ ಕರಾರು ಸಿಗುತ್ತದೆ. ಸಾಧಾರಣ ಆಟಗಾರನಿಗೆ 30 ದಾಟಿದ ಮೇಲೆ ಯಾರೂ ಕರೆ ಮಾಡುವುದಿಲ್ಲ, ಅಷ್ಟರಲ್ಲಿ ಅವನ ಒಳ್ಳೆಯ ವರ್ಷಗಳೆಲ್ಲ ಅಗ್ಗಕ್ಕೆ ಮಾರಿಹೋಗಿರುತ್ತವೆ.

ಡ್ರಾಫ್ಟ್ ಎಂದರೇನು? ಹರಾಜಿಗಿಂತ ಹೇಗೆ ಬೇರೆ?

ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯಂತೆ ಹೆಸರು ಆರಿಸುತ್ತವೆ. ಆರಿಸಿದ ತಂಡ ಬಿಟ್ಟು ಬೇರೆಯವರ ಜತೆ ಆ ಹುಡುಗ ಮಾತಾಡುವಂತಿಲ್ಲ. ನಮ್ಮವರಿಗೂ ಇದರ ಒಂದು ಉದಾಹರಣೆ ಗೊತ್ತಿದೆ. 2008ರಲ್ಲಿ ಐಪಿಎಲ್ 19 ವರ್ಷದೊಳಗಿನವರಿಗೆ ಡ್ರಾಫ್ಟ್ ಮಾಡಿತ್ತು. ದೆಹಲಿ ತಂಡ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿಕೊಂಡಿತು, ದೆಹಲಿಯ ಹುಡುಗ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು.

ಬೇಸ್‌ಬಾಲ್‌ನಲ್ಲಿ ಇದು 1965ರಿಂದ ಇದೆ. ಈಗ 20 ಸುತ್ತು. ಹೈಸ್ಕೂಲು, ಕಾಲೇಜಿನ ಹುಡುಗರು. ಅಮೆರಿಕ, ಕೆನಡಾ, ಪೋರ್ಟೊ ರಿಕೊದವರು ಮಾತ್ರ. ಬೇಸ್‌ಬಾಲ್‌ನ ಡ್ರಾಫ್ಟ್ ಬೇರೆ ಆಟಗಳಿಗಿಂತ ಅನಿಶ್ಚಿತ. 18ರ ಹುಡುಗ ದೊಡ್ಡ ಮೈದಾನಕ್ಕೆ ಬರಲು ನಾಲ್ಕೈದು ವರ್ಷ ಬೇಕು, ಬರದೆಯೂ ಹೋಗಬಹುದು. 1999ರಲ್ಲಿ ಆಲ್ಬರ್ಟ್ ಪುಹೋಲ್ಸ್ 13ನೇ ಸುತ್ತಿನಲ್ಲಿ, 402ನೆಯವನಾಗಿ ಆಯ್ಕೆಯಾದ. ಮುಂದೆ 703 ಹೋಮ್ ರನ್ ಹೊಡೆದ. ಮೈಕ್ ಟ್ರೌಟ್ 2009ರಲ್ಲಿ 25ನೆಯವ. 1991ರಲ್ಲಿ ಎಲ್ಲರಿಗಿಂತ ಮೊದಲು ಯಾಂಕೀಸ್ ಆರಿಸಿದ ಬ್ರಿಯನ್ ಟೇಲರ್ ಒಂದೂ ಮೇಜರ್ ಲೀಗ್ ಪಂದ್ಯ ಆಡಲಿಲ್ಲ.

2012ರಿಂದ ಪ್ರತಿ ಸರದಿಗೂ ಒಂದು ಬೆಲೆ ನಿಗದಿ, ಎಲ್ಲ ಸೇರಿ ತಂಡಕ್ಕೊಂದು ಬೋನಸ್ ಮೊತ್ತ (ಸಹಿ ಹಾಕುವ ಹುಡುಗರಿಗೆ ಕೊಡುವ ಹಣ). ಮೊದಲ ಸರದಿ ಸಿಕ್ಕವರಿಗೆ ಒಳ್ಳೆಯ ಹುಡುಗನ ಜತೆ ದೊಡ್ಡ ಥೈಲಿಯೂ ಸಿಗುತ್ತದೆ ಎಂದರ್ಥ.

ಬೇಕೆಂದೇ ಸೋಲುವುದು ನಿಜಕ್ಕೂ ನಡೆಯುತ್ತದೆಯೇ?

ಮೈದಾನದಲ್ಲಿರುವ ಆಟಗಾರ ಸೋಲಲು ಆಡುವುದಿಲ್ಲ. ಆಫೀಸಿನಲ್ಲಿ ಕೂತವರು ಗೆಲ್ಲಲಾರದ ತಂಡ ಕಟ್ಟುತ್ತಾರೆ. ಹ್ಯೂಸ್ಟನ್ ಆ್ಯಸ್ಟ್ರೋಸ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತಿತು. ಮೂರು ವರ್ಷ ಸತತ ಮೊದಲ ಸರದಿ ಸಿಕ್ಕಿತು.

2012ರಲ್ಲಿ ಅವರು ಮಾಡಿದ ಲೆಕ್ಕ ನೋಡಬೇಕು. ಮೊದಲ ಸರದಿಯ ಬೆಲೆ 72 ಲಕ್ಷ ಡಾಲರ್ ಎಂದಿತ್ತು. ಪೋರ್ಟೊ ರಿಕೊದ ಕಾರ್ಲೋಸ್ ಕೊರಿಯಾ 48 ಲಕ್ಷಕ್ಕೆ ಒಪ್ಪಿಕೊಂಡ. ಉಳಿದ ಹಣದಲ್ಲಿ, ಹೆಚ್ಚು ಕೇಳುತ್ತಾನೆಂದು ಬೇರೆ ತಂಡಗಳು ಬಿಟ್ಟಿದ್ದ ಪಿಚರ್ ಲ್ಯಾನ್ಸ್ ಮೆಕಲರ್ಸ್‌ನನ್ನು 41ನೇ ಸರದಿಯಲ್ಲಿ 25 ಲಕ್ಷಕ್ಕೆ ತಂದರು. ಒಂದು ಸೋಲಿನ ಸೀಸನ್‌ಗೆ ಇಬ್ಬರು ಮೊದಲ ದರ್ಜೆಯ ಹುಡುಗರು. ಅವರಿಬ್ಬರೂ 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. (ಎದುರಾಳಿಯ ಸಂಜ್ಞೆ ಕದ್ದ ಹಗರಣದ ಕಲೆ ಆ ಗೆಲುವಿಗೆ ಅಂಟಿದೆ, ಅದು ಬೇರೆ ಮಾತು.) 2013ರಲ್ಲಿ ಮೊದಲು ಆರಿಸಿದ ಮಾರ್ಕ್ ಅಪೆಲ್ ಮಾತ್ರ ಹ್ಯೂಸ್ಟನ್‌ಗೆ ಒಂದೂ ಪಂದ್ಯ ಆಡಲಿಲ್ಲ. ಆದರೂ ಉಳಿದ ಮಾಲೀಕರು ಕಲಿತದ್ದು ಕೊರಿಯಾ ಪಾಠವನ್ನೇ.

ಲಾಟರಿ ಬಂದ ಮೇಲೆ ಆ ತೊಂದರೆ ಹೋಯಿತಲ್ಲ?

ಕಡಿಮೆಯಾಯಿತು, ಹೋಗಲಿಲ್ಲ. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸರದಿಗಳನ್ನು ಲಾಟರಿ ಎತ್ತುತ್ತಾರೆ. ಅತಿ ಹೆಚ್ಚು ಸೋತ ಮೂರು ತಂಡಗಳಿಗೆ ಮೊದಲ ಸರದಿಯ ಸಾಧ್ಯತೆ ಸಮ, ತಲಾ ಶೇ. 16.5. ದೊಡ್ಡ ಊರಿನ ತಂಡ ಸತತ ಎರಡು ವರ್ಷ ಲಾಟರಿ ಸರದಿ ಪಡೆಯುವಂತಿಲ್ಲ. 2024ರಲ್ಲಿ ಚಿಕಾಗೊ ವೈಟ್ ಸಾಕ್ಸ್ 121 ಪಂದ್ಯ ಸೋತು ಆಧುನಿಕ ಕಾಲದ ದಾಖಲೆ ಮಾಡಿತು. ಈ ನಿಯಮದಿಂದಾಗಿ 2025ರ ಡ್ರಾಫ್ಟ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೇ ಸರದಿ.

ಅಂದರೆ ಬೇಕೆಂದು ಸೋಲುವವರಿಗೆ ಹಾಕಿದ ಶಿಕ್ಷೆ, ನಿಜಕ್ಕೂ ಕೈಲಾಗದೆ ಸೋತವರಿಗೂ ಬೀಳುತ್ತದೆ. ಸೋಲಿಗೆ ಬಹುಮಾನ ಎಂಬ ಮೂಲ ತತ್ವ ಹಾಗೇ ಉಳಿದಿದೆ.

ಬದಲಿಗೆ ಏನು ಮಾಡಬಹುದು?

ಉತ್ತರ ಅಮೆರಿಕದ ಮಹಿಳೆಯರ ವೃತ್ತಿಪರ ಹಾಕಿ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರ ತನ್ನ ಮೊದಲ ಸೀಸನ್‌ನಿಂದಲೇ ಒಂದು ಚೆಂದದ ಪದ್ಧತಿ ಅನುಸರಿಸುತ್ತಿದೆ. ಪ್ಲೇಆಫ್ ಆಸೆ ಮುಗಿದ ಕ್ಷಣದಿಂದ ತಂಡ ಗಳಿಸುವ ಅಂಕಗಳನ್ನು ಎಣಿಸುತ್ತಾರೆ. ಯಾರು ಹೆಚ್ಚು ಗಳಿಸಿದರೋ ಅವರಿಗೆ ಮೊದಲ ಸರದಿ. ದುರ್ಬಲ ತಂಡ ಬೇಗ ಹೊರಬೀಳುವುದರಿಂದ ಅದಕ್ಕೆ ಅಂಕ ಗಳಿಸಲು ಹೆಚ್ಚು ಪಂದ್ಯ ಸಿಗುತ್ತವೆ, ಆದರೆ ಗೆಲ್ಲಲೇಬೇಕು.

ಬೇಸ್‌ಬಾಲ್‌ಗೆ ಇದನ್ನು ಹಾಗೇ ತಂದರೆ ಒಂದು ತೊಡಕಿದೆ. 43 ಪಂದ್ಯ ಮಾತ್ರ ಗೆಲ್ಲುವ ತಂಡ, 2025ರ ಕೊಲರಾಡೊ ರಾಕೀಸ್‌ನಂಥದ್ದು, ಸೆಪ್ಟೆಂಬರ್‌ನಲ್ಲೂ ಸೋಲುತ್ತಲೇ ಇರುತ್ತದೆ. ಆದ್ದರಿಂದ ನಾನು ಎರಡನ್ನೂ ಕೂಡಿಸುತ್ತೇನೆ: ಅರ್ಧ ಅಂಕ ಹಿಂದಿನ ಮೂರು ವರ್ಷದ ಒಟ್ಟು ಸಾಧನೆಗೆ, ಕಡಿಮೆ ಗೆದ್ದವರಿಗೆ ಹೆಚ್ಚು, ಇನ್ನರ್ಧ ಹೊರಬಿದ್ದ ಮೇಲೆ ಗೆದ್ದ ಪಂದ್ಯಗಳಿಗೆ. ಮೂರು ವರ್ಷದ ಲೆಕ್ಕ ಇದ್ದರೆ ಒಂದು ಸೀಸನ್ ಕೈಚೆಲ್ಲಿ ಲಾಭ ಮಾಡಿಕೊಳ್ಳಲಾಗುವುದಿಲ್ಲ. ಜುಲೈ ಕೊನೆಯಲ್ಲಿ ಅನುಭವಿ ಆಟಗಾರರನ್ನೆಲ್ಲ ಮಾರಿಬಿಡುವ ಮೊದಲು ಮಾಲೀಕ ಯೋಚಿಸಬೇಕಾಗುತ್ತದೆ. ಟಿಕೆಟ್ ಕೊಂಡು ಸೆಪ್ಟೆಂಬರ್‌ನಲ್ಲೂ ಸ್ಟೇಡಿಯಂಗೆ ಬರುವ ಅಭಿಮಾನಿಗೆ ಕೂಗಲು ಒಂದು ಕಾರಣವಿರುತ್ತದೆ.

ಡ್ರಾಫ್ಟ್ ಸರದಿಗಳನ್ನು ಮಾರಲು ಬಿಡಬೇಕೇ?

ಮಿತಿಯೊಳಗೆ ಬಿಡಬಹುದು. ಈಗ ಸಣ್ಣ ತಂಡಗಳಿಗೆ ಕೊಡುವ ಕೆಲವು ಹೆಚ್ಚುವರಿ ಸರದಿಗಳನ್ನು ಬಿಟ್ಟರೆ ಉಳಿದವನ್ನು ಕೊಟ್ಟುಕೊಳ್ಳುವಂತಿಲ್ಲ. ಎನ್‌ಬಿಎಯಲ್ಲಿರುವಂತೆ ಮುಂದಿನ ಎರಡು ಸತತ ವರ್ಷಗಳ ಮೊದಲ ಸುತ್ತಿನ ಸರದಿಯನ್ನು ಬಿಟ್ಟುಕೊಡುವಂತಿಲ್ಲ ಎಂಬ ತಡೆ ಇರಲಿ.

ಡೊಮಿನಿಕನ್ ರಿಪಬ್ಲಿಕ್, ಜಪಾನ್‌ನಿಂದ ಬರುವವರಿಗೆ ಯಾವ ನಿಯಮ?

ಅವರು ಡ್ರಾಫ್ಟ್‌ನಲ್ಲಿಲ್ಲ. 16 ವರ್ಷಕ್ಕೆ ಸಹಿ ಹಾಕಬಹುದು, ತಂಡಕ್ಕೆ ನಿಗದಿಯಾದ ಬೋನಸ್ ಮೊತ್ತದೊಳಗೆ. ಡೊಮಿನಿಕನ್ ಹುಡುಗರ ವಿಷಯದಲ್ಲಿ 12, 13ರ ವಯಸ್ಸಿಗೇ ಬಾಯಿಮಾತಿನ ಒಪ್ಪಂದ ಆಗುತ್ತದೆ, ನಡುವಿನ ತರಬೇತುದಾರರು ದೊಡ್ಡ ಪಾಲು ತೆಗೆದುಕೊಳ್ಳುತ್ತಾರೆ. ಲೀಗ್ 2022ರಲ್ಲಿ ಅಂತರರಾಷ್ಟ್ರೀಯ ಡ್ರಾಫ್ಟ್‌ನ ಪ್ರಸ್ತಾಪ ಇಟ್ಟಿತು, ಸಂಘ ಒಪ್ಪಲಿಲ್ಲ. ನನ್ನ ಮಟ್ಟಿಗೆ ಡ್ರಾಫ್ಟ್‌ಗಿಂತ ಮೊದಲು ಆಗಬೇಕಾದದ್ದು ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿ, ಹುಡುಗರ ಶಾಲೆಯ ಖರ್ಚನ್ನು ತಂಡಗಳಿಂದ ವಸೂಲು ಮಾಡುವುದು.

ಜಪಾನಿನವರಿಗೆ 25 ವರ್ಷ ಎಂಬ ಗೆರೆ ಇದೆ. 25 ತುಂಬಿ ಬಂದ ಯೊಶಿನೊಬು ಯಮಾಮೊಟೊಗೆ ಡಾಡ್ಜರ್ಸ್ 32.5 ಕೋಟಿ ಡಾಲರ್ ಕೊಟ್ಟಿತು. 23ಕ್ಕೇ ಬಂದ ರೋಕಿ ಸಸಾಕಿಗೆ 2025ರಲ್ಲಿ ಅದೇ ತಂಡದಿಂದ ಸಿಕ್ಕ ಬೋನಸ್ 65 ಲಕ್ಷ. ಎರಡು ವರ್ಷದ ವಯಸ್ಸಿನ ವ್ಯತ್ಯಾಸ ಇಷ್ಟು ಹಣದ ವ್ಯತ್ಯಾಸ ಮಾಡಬಾರದು. ಇದರ ಲಾಭವೂ ದೊಡ್ಡ ತಂಡಕ್ಕೇ ಹೋಯಿತು: ಹಣ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆದಾಗ ಹುಡುಗ ಗೆಲ್ಲುವ ತಂಡವನ್ನೇ ಆರಿಸಿಕೊಳ್ಳುತ್ತಾನೆ.

ಭಾರತದಿಂದ ಹೋದವರೂ ಇದೇ ದಾರಿಯಲ್ಲಿ ಹೋದರು. ಟಿವಿ ಸ್ಪರ್ಧೆಯೊಂದರಲ್ಲಿ ಆಯ್ಕೆಯಾದ ರಿಂಕು ಸಿಂಗ್ (ಕ್ರಿಕೆಟಿಗನಲ್ಲ) ಮತ್ತು ದಿನೇಶ್ ಪಟೇಲ್ 2008ರಲ್ಲಿ ಪೈರೇಟ್ಸ್ ಜತೆ ಸಹಿ ಹಾಕಿದ್ದು ಡ್ರಾಫ್ಟ್ ಇಲ್ಲದೆ.

ಮೈನರ್ ಲೀಗ್‌ನವರಿಗೆ, ಅಂದರೆ ಕೆಳಗಿನ ಲೀಗ್‌ಗಳಲ್ಲಿ ಆಡುವವರಿಗೆ, ಇದರಲ್ಲಿ ಏನಾದರೂ ಸಿಗುತ್ತದೆಯೇ?

ಸಿಗಬೇಕು. ಅವರು 2022ರಲ್ಲಿ ಸಂಘ ಸೇರಿದರು. 2023ರ ಒಪ್ಪಂದದಲ್ಲಿ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 35,800 ಡಾಲರ್ ಆಯಿತು. ಅದು ಹಿಂದಿನದಕ್ಕಿಂತ ದುಪ್ಪಟ್ಟು. ಆಟಗಾರರ ಅರ್ಧ ಪಾಲನ್ನು ಲೆಕ್ಕ ಹಾಕುವಾಗ ಇವರ ಸಂಬಳವನ್ನು ಅದರೊಳಗೆ ಸೇರಿಸಬಾರದು, ಮಾಲೀಕರ ಖರ್ಚಿನಲ್ಲಿ ಸೇರಿಸಬೇಕು. ಇಲ್ಲದಿದ್ದರೆ ಹಿರಿಯ ಆಟಗಾರರೇ ಕಿರಿಯರ ಸಂಬಳ ಏರದಂತೆ ನೋಡಿಕೊಳ್ಳುವ ಸ್ಥಿತಿ ಬರುತ್ತದೆ.

ಮಿತಿ ಬಂದರೆ ಈಗಾಗಲೇ ಸಹಿಯಾದ ದೊಡ್ಡ ಕರಾರುಗಳ ಗತಿ ಏನು?

ಎನ್‌ಎಚ್‌ಎಲ್ 2004-05ರ ಇಡೀ ಸೀಸನ್ ಕಳೆದುಕೊಂಡು ಮಿತಿ ತಂದಾಗ, ಇದ್ದ ಕರಾರುಗಳನ್ನೆಲ್ಲ ಶೇ. 24 ಕಡಿತ ಮಾಡಿತು. ಬೇಸ್‌ಬಾಲ್ ಆ ದಾರಿ ಹಿಡಿಯಬಾರದು. ಮಾಲೀಕರು ಕಣ್ತೆರೆದು ಸಹಿ ಹಾಕಿದ ಮಾತಿಗೆ ಆಟಗಾರ ದಂಡ ಕಟ್ಟುವುದು ನ್ಯಾಯವಲ್ಲ. ಸೋಟೊ ಅವರದು 15 ವರ್ಷದ ಕರಾರು, ಅದು ಪೂರ್ತಿ ನಡೆಯಲಿ.

ಮಿತಿಯನ್ನು ನಿಧಾನಕ್ಕೆ ಇಳಿಸುವುದು ಸಾಧ್ಯ. ಕೆಳಮಿತಿ ಮೊದಲ ವರ್ಷವೇ 13 ಕೋಟಿಯಲ್ಲಿ ಶುರುವಾಗಿ ನಾಲ್ಕು ವರ್ಷದಲ್ಲಿ 17 ಮುಟ್ಟಲಿ. ಮೇಲ್ಮಿತಿ 32 ಕೋಟಿಯಿಂದ ಶುರುವಾಗಿ ಆರು ವರ್ಷದಲ್ಲಿ 23ಕ್ಕೆ ಇಳಿಯಲಿ. ಹಳೆಯ ಕರಾರುಗಳಲ್ಲಿ ತಂಡಕ್ಕೆ ಎರಡನ್ನು ಲೆಕ್ಕದಿಂದ ಹೊರಗಿಡುವ ಅವಕಾಶ ಇರಲಿ. 2013ರಲ್ಲಿ ಎನ್‌ಎಚ್‌ಎಲ್ ತಂಡಗಳಿಗೆ ತಲಾ ಎರಡು ಕರಾರುಗಳನ್ನು ಹಣ ಕೊಟ್ಟು ಮುಗಿಸಿ ಮಿತಿಯ ಲೆಕ್ಕದಿಂದ ತೆಗೆಯಲು ಬಿಟ್ಟಿದ್ದರು, ಹೆಚ್ಚು ಗಲಾಟೆಯಿಲ್ಲದೆ ನಡೆಯಿತು. ಕೆಳಮಿತಿ ಬೇಗ, ಮೇಲ್ಮಿತಿ ತಡವಾಗಿ ಎಂಬ ಈ ಕ್ರಮವನ್ನು ಬೇಕೆಂದೇ ಇಟ್ಟಿದ್ದೇನೆ: ಮಾಲೀಕರು ತಮ್ಮ ಭಾಗದ ಹಣವನ್ನು ಮೊದಲು ಮೇಜಿನ ಮೇಲಿಟ್ಟರೆ, 1994ನ್ನು ಮರೆಯದ ಸಂಘ ಮಾತುಕತೆಗೆ ಕೂರಲು ಅದೊಂದು ಕಾರಣವಾಗುತ್ತದೆ.